ಹಳೇ ಕಂಪ್ಯೂಟರಿನ ಶ್ರುತಿ

ನನ್ನ ಪಿಎಚ್‌ಡಿಯ ಮಾತು ಬಂದಾಗಲೆಲ್ಲ ನಮ್ಮ ಮನೆಯವರು ಬಸಳೆಯ ಸುದ್ದಿ ತೆಗೆಯುತ್ತಾರೆ. ತೆಗೆಯಲಿ, ನನಗೇನೂ ಬೇಸರವಿಲ್ಲ. ನನಗೇ ಕ್ಲಾಸಿನ ನಡುವೆ ಅದು ನೆನಪಾಗಿ ನಗು ಬಂದರೆ ಬೋರ್ಡಿನ ಕಡೆ ತಿರುಗಿ ಸುಮ್ಮನೆ ಏನಾದರೂ ಬರೆಯುತ್ತೇನೆ. ಆದರೆ ಆ ಮೇ ತಿಂಗಳಲ್ಲಿ ನನಗೆ ಆದ ಮಂಡೆಬೆಚ್ಚ ನನ್ನ ವೈರಿಗೂ ಬೇಡ.

ನಾನು ಮೂಡುಬಿದಿರೆಯ ಒಂದು ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ಮನೆ ಪುಂಜಾಲಕಟ್ಟೆಯ ಹತ್ತಿರ. ನಲವತ್ತೊಂದನೇ ವಯಸ್ಸಿನಲ್ಲಿ, ಮಾಡಿಯೇ ತೋರಿಸುತ್ತೇನೆ ಎಂಬ ಹಠಕ್ಕೆ, ಪಿಎಚ್‌ಡಿಗೆ ಹೆಸರು ಕೊಟ್ಟೆ. ವಿಷಯ, ಗದ್ದೆಯಲ್ಲಿ ನೇಜಿ, ಅಂದರೆ ಭತ್ತದ ಸಸಿ, ನೆಡುವಾಗ ಹೆಂಗಸರು ಹೇಳುವ ತುಳು ಹಾಡುಗಳ ಶ್ರುತಿ. ಯಾವ ಊರಿನವರು ಹಾಡನ್ನು ಯಾವ ಎತ್ತರದಲ್ಲಿ ಎತ್ತುತ್ತಾರೆ, ಯಾಕೆ ಎತ್ತುತ್ತಾರೆ ಎಂದು ನೋಡುವುದು. ಏಳು ವರ್ಷ ಕಳೆಯಿತು. ಕೊಟ್ಟ ಅವಧಿ ಮುಗಿಯಿತು, ಬೇಡಿ ತಂದ ಅವಧಿಯೂ ಮುಗಿಯಿತು. ಮೇ ಕೊನೆಯೊಳಗೆ ಪ್ರಬಂಧ ಒಪ್ಪಿಸದಿದ್ದರೆ ನೋಂದಣಿ ರದ್ದು ಎಂದು ಕಾಗದ ಬಂತು. ಒಪ್ಪಿಸಬೇಕಾದರೆ ಫಾರ್ಮಿನಲ್ಲಿ ಗೈಡ್ ಸರ್ ಸಹಿ ಬೇಕು. ಆ ಒಂದು ಸಹಿಗೆ ನನ್ನ ಏಳು ವರ್ಷ ನೇತಾಡುತ್ತಿತ್ತು.

ಇನ್ನು ನನ್ನ ಆಯುಧದ ಬಗ್ಗೆ ಹೇಳಬೇಕು. ಧ್ವನಿಯನ್ನು ಚಿತ್ರ ಮಾಡಿ ತೋರಿಸುವ ಒಂದು ಸಾಫ್ಟ್‌ವೇರ್ ಉಂಟು, ಪುಕ್ಕಟೆ ಸಿಗುತ್ತದೆ. ಹಾಡು ಕೊಟ್ಟರೆ ಪರದೆಯ ಮೇಲೆ ಗೆರೆ ಎಳೆಯುತ್ತದೆ. ಸ್ವರ ಏರಿದರೆ ಗೆರೆ ಏರುತ್ತದೆ, ಇಳಿದರೆ ಇಳಿಯುತ್ತದೆ, ಪಕ್ಕದಲ್ಲಿ ಅಂಕಿಯೂ ಬರುತ್ತದೆ. ಕಾಲೇಜಿನ ಕಂಪ್ಯೂಟರುಗಳಲ್ಲಿ ಹೊರಗಿನದ್ದೇನೂ ಹಾಕಲು ಬಿಡುವುದಿಲ್ಲ. ಹಾಗಾಗಿ ನನ್ನ ಪಾಲಿಗೆ ಬಂದದ್ದು ಯಜಮಾನರ ಹಳೇ ಡಬ್ಬ. ಅವರು ಒಂದು ಕಾಲದಲ್ಲಿ ಪುಂಜಾಲಕಟ್ಟೆ ಪೇಟೆಯಲ್ಲಿ ಡಿಟಿಪಿ ಅಂಗಡಿ ಇಟ್ಟಿದ್ದರು. ಆ ಕಡೆಯ ಅರ್ಧ ಜನರ ಮದುವೆ ಕಾಗದ ಆ ಕಂಪ್ಯೂಟರಿನಲ್ಲೇ ಹುಟ್ಟಿದ್ದು. ಅಂಗಡಿ ಮುಚ್ಚಿದ ಮೇಲೆ ಅದು ನಮ್ಮ ಹೊರಗಿನ ಕೋಣೆಗೆ ಬಂದು ಮೂಲೆ ಹಿಡಿಯಿತು.

ಅದರ ರೋಗಗಳನ್ನು ಹೇಳಲು ಹೊರಟರೆ ಇನ್ನೊಂದು ಪ್ರಬಂಧ ಆದೀತು. ಫೈಲಿಗೆ ಕನ್ನಡದಲ್ಲಿ ಹೆಸರು ಕೊಟ್ಟರೆ ಸಾಫ್ಟ್‌ವೇರ್ ಅದನ್ನು ತೆರೆಯುವುದಿಲ್ಲ. ಕನ್ನಡ ಎಂ.ಎ. ಮಾಡಿದವಳು ನಾನು, ಹಾಡುಗಳಿಗೆಲ್ಲ ಒಂದು ಎರಡು ಮೂರು ಎಂದು ಇಂಗ್ಲಿಷ್ ಅಂಕಿ ಹಾಕಿ ಕೂತೆ. ಒಳಗಿನ ಬ್ಯಾಟರಿ ಸತ್ತು ದಿನಾ ಬೆಳಿಗ್ಗೆ ಕಂಪ್ಯೂಟರು ಇಪ್ಪತ್ತೈದು ವರ್ಷ ಹಿಂದಿನ ತಾರೀಖು ತೋರಿಸುತ್ತಿತ್ತು, ಬ್ಯಾಟರಿ ಬದಲಿಸುವ ತನಕ ನನ್ನ ಸಂಶೋಧನೆ ನನ್ನ ಮದುವೆಗಿಂತ ಮೊದಲೇ ನಡೆದ ಹಾಗೆ ದಾಖಲಾಗಿದೆ. ಒಮ್ಮೊಮ್ಮೆ ಪರದೆ ಬರುವುದೇ ಇಲ್ಲ. ಆಗ ಒಳಗಿನ ಮೆಮೊರಿ ಪಟ್ಟಿ ತೆಗೆದು, ಶಾಲೆಯ ಮಕ್ಕಳ ರಬ್ಬರಿನಲ್ಲಿ ಅದರ ಹಲ್ಲು ಉಜ್ಜಿ, ಮತ್ತೆ ಹಾಕಬೇಕು. ಉದ್ದದ ಹಾಡು ತೆರೆದರೆ ನಿಂತೇ ಬಿಡುತ್ತದೆ. ತುಂಡು ಮಾಡಿ ತುಂಡು ಮಾಡಿ ಕೊಡಬೇಕು, ಹಲ್ಲಿಲ್ಲದವರಿಗೆ ದೋಸೆ ಹರಿದು ಕೊಟ್ಟ ಹಾಗೆ.

ಜಾಗದ ಉಪದ್ರ ಬೇರೆ. ಡಿಸ್ಕಿನ ತುಂಬ ಮದುವೆಗಳು. ಒಂದು ಹಾಡು ಹಿಡಿಸಲು ಹತ್ತು ಹದಿನೈದು ಮದುವೆ ಅಳಿಸಬೇಕಾಗುತ್ತಿತ್ತು. ನಾನು ಅಳಿಸುವಾಗ ಯಜಮಾನರು ಹಿಂದೆ ಕುರ್ಚಿ ಹಾಕಿ ಕೂತು ಒಂದೊಂದಕ್ಕೂ ತಕರಾರು. ಇವರದ್ದು ಬೇಡ, ಪಾಪ, ಒಳ್ಳೇ ಜನ. ಅವರದ್ದು ಅಳಿಸು, ಅವರು ಹೇಗೂ ಈಗ ಒಟ್ಟಿಗೆ ಇಲ್ಲ. ಹೀಗೆ ಒಂದು ಭಾನುವಾರ ಪೂರ್ತಿ ಊರಿನ ಸಂಸಾರಗಳನ್ನೆಲ್ಲ ತೂಗಿ ನೋಡಿದ್ದೇವೆ.

ಎಲ್ಲಕ್ಕಿಂತ ದೊಡ್ಡದು ಸೆಕೆಯ ಕಥೆ. ಹಾಡುವವರನ್ನು ಮನೆಗೇ ಕರೆಸಿ, ಆ ಕೋಣೆಯಲ್ಲಿ ಮೈಕ್ ಇಟ್ಟು, ಸೀದಾ ಕಂಪ್ಯೂಟರಿಗೇ ಹಾಡು ತುಂಬಿಸುತ್ತಿದ್ದೆ. ಕಂಪ್ಯೂಟರು ಬಿಸಿಯಾದರೆ ಎಂಟೇ ನಿಮಿಷದಲ್ಲಿ ತಾನಾಗಿ ಆಫ್. ಪಕ್ಕದಲ್ಲಿ ಟೇಬಲ್ ಫ್ಯಾನ್ ಇಟ್ಟರೆ ಬಚಾವು, ಆದರೆ ಫ್ಯಾನಿನ ಸದ್ದು ಹಾಡಿನೊಳಗೆ ಬರುತ್ತದೆ. ಹಾಗಾಗಿ ಹಾಡುವಾಗ ಫ್ಯಾನ್ ಬಂದ್, ಕಿಟಕಿ ಬಂದ್, ಗೋಡೆಗೆಲ್ಲ ಕಂಬಳಿ. ಹಾಡುವವರಿಗೂ ನನಗೂ ಬೆವರು ಧಾರಾಕಾರ. ಗದ್ದೆಯಲ್ಲಿ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ನಡೆಯುವ ಹಾಡನ್ನು ಎಂಟು ನಿಮಿಷದಲ್ಲಿ ಮುಗಿಸಿ ಎಂದು ನಾನು ಕೈಗಡಿಯಾರ ತೋರಿಸುತ್ತಿದ್ದೆ. ಸಾಲದ್ದಕ್ಕೆ ಡಬ್ಬ ಮುಟ್ಟಿದರೆ ಬೆರಳು ಜುಂ ಎನ್ನುತ್ತಿತ್ತು. ನಾನು ಹವಾಯಿ ಚಪ್ಪಲಿ ಹಾಕಿಕೊಂಡೇ ಅದರ ಎದುರು ಕೂರುತ್ತಿದ್ದೆ. ಹಾಡಲು ಬಂದವರು ಅದನ್ನು ಏನೋ ಕ್ರಮ ಎಂದು ತಿಳಿದಿರಬೇಕು, ಯಾರೂ ಯಾಕೆ ಅಂತ ಕೇಳಲಿಲ್ಲ.

ಅದರ ಸ್ಪೀಕರೂ ಅಂಗಡಿ ಕಾಲದ್ದೇ, ಬಂಟ್ವಾಳದಿಂದ ತಂದ ದೊಡ್ಡ ಜೋಡಿ. ಅದರ ಸ್ವಿಚ್ಚು ಆನ್‌ನಲ್ಲೇ ಸಿಕ್ಕಿಕೊಂಡು ವರ್ಷಗಳಾಗಿತ್ತು. ವಯರು ಕಿತ್ತು ಹಾಕುವ ಎಂದರೆ ಸಾಫ್ಟ್‌ವೇರ್ ಮುಷ್ಕರ ಹೂಡುತ್ತದೆ, ಧ್ವನಿಯ ಸಾಧನವೇ ಇಲ್ಲ ಎಂದು ಒಂದು ಚೀಟಿ ತೋರಿಸಿ ಮುಚ್ಚಿಕೊಳ್ಳುತ್ತದೆ. ಹಾಗಾಗಿ ಸ್ಪೀಕರು ಯಾವಾಗಲೂ ಹಚ್ಚಿದ್ದೇ, ಯಾವಾಗಲೂ ಗುಂಯ್ ಎನ್ನುತ್ತಿದ್ದದ್ದೇ. ನಮಗೆ ಆ ಗುಂಯ್ ಕಿವಿಗೆ ಬೀಳುವುದೇ ನಿಂತುಹೋಗಿತ್ತು. ಚಿತ್ರದಲ್ಲಿ ಮಾತ್ರ ಅಡ್ಡಡ್ಡಕ್ಕೆ ಕಪ್ಪು ಗೆರೆಗಳಾಗಿ ಕಾಣುತ್ತಿತ್ತು. ಸದ್ದು ಅಳಿಸುವ ಒಂದು ಆಜ್ಞೆ ಸಾಫ್ಟ್‌ವೇರಿನಲ್ಲೇ ಉಂಟು. ಅದನ್ನು ಒತ್ತಿದರೆ ಗೆರೆ ಮಾಯ, ಹಾಡು ಮಾತ್ರ ಉಳಿಯುತ್ತದೆ. ಹಾಡಿನ ಮೊದಲ ಹತ್ತು ಸೆಕೆಂಡನ್ನೂ ಕತ್ತರಿಸಿ ಬಿಸಾಡುತ್ತಿದ್ದೆ, ಯಾಕೆಂದರೆ ಅಲ್ಲಿ ಬರೇ ಕೆಮ್ಮು, ತಡವರಿಕೆ, ಸ್ವರ ಸರಿಮಾಡಿಕೊಳ್ಳುವ ಪರದಾಟ. ಜಾಗ ಇಲ್ಲವಲ್ಲ, ಅಸಲು ಫೈಲುಗಳನ್ನೂ ಅಳಿಸಿದೆ. ಎಷ್ಟು ಚೊಕ್ಕ ಕೆಲಸ ನನ್ನದು ಎಂದು ಭಾರೀ ಹೆಮ್ಮೆ ಇತ್ತು ಮಾರಾಯ್ರೆ.

ಹೀಗೆ ಬಂಟ್ವಾಳ, ಬೆಳ್ತಂಗಡಿ, ನಾರಾವಿ ಕಡೆಯ ಹನ್ನೊಂದು ಹೆಂಗಸರ ಹಾಡು ಮುಗಿಸಿ ಅಂಕಿ ನೋಡುತ್ತೇನೆ, ಮೈ ಜುಮ್ಮೆಂದಿತು. ಈ ಸಲ ಅದು ಕರೆಂಟಿನದ್ದಲ್ಲ, ಚಪ್ಪಲಿ ಹಾಕಿಕೊಂಡೇ ಇದ್ದೆ. ಎಲ್ಲರ ಶ್ರುತಿಯೂ ಒಂದೇ, ಇನ್ನೂರು. ಸೆಕೆಂಡಿಗೆ ಇನ್ನೂರು ಕಂಪನದ ಆಸುಪಾಸು, ಒಬ್ಬರೂ ತಪ್ಪಲಿಲ್ಲ. ಬೇರೆ ಬೇರೆ ಊರಿನವರು, ನಲವತ್ತರಿಂದ ಎಪ್ಪತ್ತರವರೆಗಿನ ವಯಸ್ಸಿನವರು, ಎಲ್ಲರೂ ಒಂದೇ ಎತ್ತರದಲ್ಲಿ ಹಾಡು ಎತ್ತುತ್ತಾರೆ ಎಂದರೆ ಏನರ್ಥ? ನಾನು ಅಂಗಳದಲ್ಲಿ ಎರಡು ಸುತ್ತು ಓಡಿದೆ. ಆಮೇಲೆ ಕೂತು ಅರುವತ್ತು ಪುಟದ ಒಂದು ಅಧ್ಯಾಯ ಬರೆದೆ. ತಲೆಬರಹ ‘ನೆಲದ ಶ್ರುತಿ’. ಈ ಮಣ್ಣಿಗೇ ಒಂದು ಸ್ವರ ಉಂಟು, ಕೆಸರಲ್ಲಿ ಕಾಲಿಟ್ಟು ನಿಂತವರಿಗೆ ಅದು ತಾನಾಗಿ ಸಿಗುತ್ತದೆ ಎಂಬ ಧಾಟಿ. ಬರೆಯುತ್ತಾ ನನಗೇ ಕಣ್ಣಲ್ಲಿ ನೀರು ಬಂದಿತ್ತು.

ಗೈಡ್ ಸರ್ ನಿವೃತ್ತರು, ಮೂಡುಬಿದಿರೆಯಲ್ಲಿ ಒಂದು ಬಸದಿಯ ಹಿಂದಿನ ಓಣಿಯಲ್ಲಿ ಇರುವವರು. ಹೊಗಳುವ ಜನ ಅಲ್ಲ. ಅಧ್ಯಾಯ ಓದಿ, ಹನ್ನೊಂದು ಮಂದಿಗೂ ಇನ್ನೂರಾ ಎಂದು ಎರಡು ಸಲ ಕೇಳಿದರು. ಶನಿವಾರ ಮನೆಗೆ ಬರುತ್ತೇನೆ, ಆ ಕಂಪ್ಯೂಟರಿನ ಎದುರು ಕೂತು ನನ್ನ ಕಣ್ಣಲ್ಲೇ ನೋಡಬೇಕು, ಸರಿ ಕಂಡರೆ ಅಲ್ಲೇ ಸಹಿ ಹಾಕುತ್ತೇನೆ ಎಂದರು.

ನಾನು ಹಾರುತ್ತಾ ಮನೆಗೆ ಬಂದೆ. ಬಂದ ಮೇಲೆ ಹೊಳೆಯಿತು, ಸರ್ ಡಬ್ಬ ಮುಟ್ಟಿದರೆ? ಎಪ್ಪತ್ತೆರಡು ವರ್ಷದವರು. ಅವರಿಗೆ ಶಾಕ್ ಹೊಡೆದರೆ ಸಹಿ ಯಾರು ಹಾಕುವುದು? ಗುರುವಾರವೇ ಬೆಳ್ತಂಗಡಿಯಿಂದ ಇಲೆಕ್ಟ್ರಿಶಿಯನ್ನರನ್ನು ಕರೆಸಿದೆ. ಊರಿನ ಪಂಪುಗಳನ್ನೆಲ್ಲ ಮೂವತ್ತು ವರ್ಷದಿಂದ ರಿಪೇರಿ ಮಾಡಿದವರು, ಮಾತು ನಿಧಾನ, ಕೆಲಸ ಚುರುಕು. ಅವರು ಡಬ್ಬವನ್ನು ನೋಡಲೇ ಇಲ್ಲ. ಸೀದಾ ಮನೆಯ ಹಿಂದೆ ಹೋಗಿ ಅರ್ಥಿಂಗ್ ಗುಂಡಿ ಎಲ್ಲಿ ಎಂದು ಕೇಳಿದರು. ಹುಲ್ಲು ಕೆರೆದು ತೋರಿಸಿದೆವು. ಒಣಗಿ ಕೆಂಪುಕಲ್ಲಿನಂತೆ ಗಟ್ಟಿಯಾಗಿತ್ತು. ಇಲ್ಲಿ ಮೊದಲು ಎಂತ ಇತ್ತು ಎಂದು ಕೇಳಿದರು. ಬಸಳೆ ಚಪ್ಪರ ಇತ್ತು, ಏಳೆಂಟು ವರ್ಷದ ಹಿಂದೆ ಇಲ್ಲಿಂದ ತೆಗೆದು ಬಾವಿಕಟ್ಟೆಯ ಹತ್ತಿರ ಹಾಕಿದೆವು ಎಂದರು ಯಜಮಾನರು.

ಆ ಮನುಷ್ಯನಿಗೆ ಎಲ್ಲ ಗೊತ್ತಾಯಿತು. ಬಸಳೆಯ ಬುಡಕ್ಕೆ ದಿನಾ ಅಕ್ಕಿ ತೊಳೆದ ನೀರು, ಪಾತ್ರೆ ತೊಳೆದ ನೀರು ಹೋಗುತ್ತಿತ್ತಲ್ಲ, ನಿಮ್ಮ ಮನೆಯ ಅರ್ಥಿಂಗನ್ನು ಅಷ್ಟು ಕಾಲ ಸಾಕಿದ್ದು ಅದೇ, ಮಣ್ಣು ಒಣಗಿದರೆ ಅರ್ಥಿಂಗ್ ಸತ್ತ ಹಾಗೆ ಎಂದು ಹೇಳಿದರು. ಗುಂಡಿ ಬಿಡಿಸಿ, ಹೊಸ ಉಪ್ಪು, ಇದ್ದಿಲು ತುಂಬಿಸಿ, ಎಂಟು ಕೊಡ ನೀರು ಹೊಯ್ಯಿಸಿದರು. ಆಮೇಲೆ ಒಳಗೆ ಬಂದು ಡಬ್ಬ ಬಿಚ್ಚಿ, ಫ್ಯಾನಿನ ಮೇಲೆ ಕೂತಿದ್ದ ಧೂಳಿನ ದೋಸೆಯನ್ನೂ ಒಂದು ಒಣಗಿದ ಹಲ್ಲಿಯನ್ನೂ ತೆಗೆದರು. ಹಾಕಿ ನೋಡಿದರೆ ಜುಂ ಇಲ್ಲ, ಗುಂಯ್ಯೂ ಇಲ್ಲ. ಕೋಣೆ ಎಷ್ಟು ನಿಶ್ಶಬ್ದವಾಯಿತೆಂದರೆ ನಾನು ಹೆದರಿದೆ.

ಚಾ ಕುಡಿಯುತ್ತಾ ಅವರು ಸಮಾಧಾನದಲ್ಲಿ ಹೇಳಿದರು, “ಕರೆಂಟು ಸೆಕೆಂಡಿಗೆ ಐವತ್ತು ಸಲ ನಡುಗ್ತದೆ ಟೀಚರ್. ಅದರ ಮರಿಗಳು ನೂರು, ನೂರೈವತ್ತು, ಇನ್ನೂರು. ಹಳೇ ಸ್ಪೀಕರಿನಲ್ಲಿ ಎಲ್ಲವೂ ಒಟ್ಟಿಗೆ ಕೂಗ್ತವೆ.”

ನಾನು ಹೌದಾ ಎಂದು ನಕ್ಕು ಇನ್ನೊಂದು ಗ್ಲಾಸ್ ಚಾ ಕೊಟ್ಟೆ. ಇನ್ನೂರು ಎಂಬ ಮಾತು ಕಿವಿಯ ಹತ್ತಿರವೇ ಹಾದುಹೋಯಿತು. ಅರುವತ್ತು ಪುಟದ ಉದ್ದಕ್ಕೂ ಅದೇ ಅಂಕಿಯನ್ನು ಜಪಿಸಿದವಳಿಗೆ ಅದು ತಾಗಲಿಲ್ಲ ಎಂದರೆ ನನ್ನ ಮಂಡೆ ಯಾವ ಮರದ್ದು ಎಂದು ಈಗಲೂ ಆಶ್ಚರ್ಯವಾಗುತ್ತದೆ.

ಮರುದಿನ, ಶುಕ್ರವಾರ ಬೆಳಿಗ್ಗೆ, ನಾರಾವಿಯ ಅಮ್ಮ ಬಂದರು, ಹಾಡುವ ಹಿರಿಯರಲ್ಲಿ ಒಬ್ಬರು, ನಾನು ಅವರನ್ನು ಹಾಗೇ ಕರೆಯುವುದು. ಅವರದ್ದೇ ಹನ್ನೆರಡನೆಯ ಹಾಡು. ಒಂದು ತಿಂಗಳ ಹಿಂದೆ ಒಮ್ಮೆ ಬಂದಿದ್ದರು. ಆವತ್ತು ಅವರ ಹಾಡು ಏರುವ ಹೊತ್ತಿಗೆ ಎಂಟು ನಿಮಿಷವಾಗಿ ಡಬ್ಬ ಆಫ್ ಆಗಿತ್ತು. ಆ ಅರ್ಧ ಹಾಡಿನ ಫೈಲು ಹಾಗೇ ಬಿದ್ದಿತ್ತು, ಸದ್ದು ಅಳಿಸದೆ, ಕತ್ತರಿಸದೆ. ಎಪ್ಪತ್ತು ದಾಟಿದವರು, ಎರಡು ಬಸ್ಸು ಹತ್ತಿ ಬಂದಿದ್ದರು, ಸೆರಗಿನಲ್ಲಿ ಕಟ್ಟಿದ ಎಲೆ ಅಡಿಕೆ ಬಿಟ್ಟರೆ ಬೇರೆ ಲಗೇಜಿಲ್ಲ. ಕುರ್ಚಿಯಲ್ಲಿ ಕೂತರು, ಗಂಟಲು ಸರಿ ಮಾಡಿಕೊಂಡರು, ಬಾಯಿ ತೆರೆದರು, ಮುಚ್ಚಿದರು. ಮತ್ತೆ ತೆರೆದರು. ಸುತ್ತ ನೋಡಿದರು. ಆಮೇಲೆ ತುಳುವಿನಲ್ಲಿ ಬಹಳ ಸಂಕೋಚದಿಂದ ಕೇಳಿದರು.

“ಟೀಚರ್, ಇವತ್ತು ಶ್ರುತಿ ಪೆಟ್ಟಿಗೆ ಇಡಲಿಲ್ವಾ?”

ಯಾವ ಶ್ರುತಿ ಪೆಟ್ಟಿಗೆ ಎಂದೆ. ಅವರು ಸ್ಪೀಕರಿನ ಕಡೆ ಬೆರಳು ತೋರಿಸಿದರು. ಆವತ್ತು ಚೆಂದ ಮಾಡಿ ಗುಂಯ್ ಅಂತ ಶ್ರುತಿ ಕೊಡುತ್ತಿತ್ತಲ್ಲ ಅದು, ಎಂದರು. ಆಮೇಲೆ ನಾನು ಕೆದಕಿ ಕೆದಕಿ ಕೇಳಿದ ಹಾಗೆ ಒಂದೊಂದೇ ಹೊರಗೆ ಬಂತು. ಬೇರೆ ಹಾಡುವವರಲ್ಲಿ ಮೂರು ನಾಲ್ಕು ಮಂದಿ ಅವರಿಗೆ ಮದುವೆ, ಪೂಜೆಗಳಲ್ಲಿ ಸಿಕ್ಕಿದ್ದರಂತೆ. ಎಲ್ಲರೂ ಇದನ್ನೇ ಮಾತಾಡಿಕೊಂಡಿದ್ದರಂತೆ. ಟೀಚರ ಶ್ರುತಿ ಕೆಲವರಿಗೆ ಸ್ವಲ್ಪ ತಗ್ಗು, ಕೆಲವರಿಗೆ ಎತ್ತರ. ಆದರೆ ಪಾಪ, ಅಷ್ಟು ಮರ್ಯಾದೆಯಲ್ಲಿ ಕರೆದು, ಊಟ ಹಾಕಿ, ಕಂಬಳಿ ಕಟ್ಟಿ, ನಮಗಾಗಿ ಪೆಟ್ಟಿಗೆ ಬೇರೆ ಇಟ್ಟಿದ್ದಾರೆ, ನಮಗೆ ಇದು ಆಗುವುದಿಲ್ಲ ಎಂದು ಹೇಗೆ ಹೇಳುವುದು? ಹಾಗಾಗಿ ಎಲ್ಲರೂ ಅದಕ್ಕೇ ಹೊಂದಿಸಿಕೊಂಡು ಹೇಳಿ, ಉಂಡು, ಕೈಮುಗಿದು ಹೋಗಿದ್ದಾರೆ. ಹನ್ನೊಂದು ಮಂದಿ! ನಮ್ಮ ಊರಿನವರ ಮರ್ಯಾದೆಗೆ ನಾನು ಏನು ಹೇಳಲಿ.

ಆಗ ಇಲೆಕ್ಟ್ರಿಶಿಯನ್ನರ ಮರಿಗಳು ನೆನಪಾದವು. ಐವತ್ತು, ನೂರು, ನೂರೈವತ್ತು, ಇನ್ನೂರು. ನಾನು ಓಡಿ ಹೋಗಿ ಅವರ ಹಳೇ ಅರ್ಧ ಹಾಡನ್ನು ತೆರೆದೆ. ಪರದೆಯ ಮೇಲೆ ಗುಂಯ್‌ನ ಗೆರೆ ಅಡ್ಡಕ್ಕೆ ನೆಟ್ಟಗೆ ಹೋಗುತ್ತಿತ್ತು. ಅಮ್ಮನ ಸ್ವರದ ಗೆರೆ ಅದಕ್ಕಿಂತ ಬಹಳ ಮೇಲೆ ಶುರುವಾಗಿ, ತಡವರಿಸಿ, ನಿಧಾನಕ್ಕೆ ಇಳಿದು ಇಳಿದು, ಹತ್ತನೇ ಸೆಕೆಂಡಿಗೆ ಆ ಗೆರೆಯ ಮೇಲೆ ಬಂದು ಕೂತಿತ್ತು. ನಾನು ಪ್ರತಿ ಹಾಡಿನಿಂದ ಕತ್ತರಿಸಿ ಬಿಸಾಡಿದ್ದು ಇದೇ ಹತ್ತು ಸೆಕೆಂಡು. ನೆಲದ ಶ್ರುತಿಯೂ ಇಲ್ಲ, ಮಣ್ಣಿನ ಸ್ವರವೂ ಇಲ್ಲ. ಅರುವತ್ತು ಪುಟ ಬರೆದದ್ದು ಬಂಟ್ವಾಳದ ಸ್ಪೀಕರಿನ ಮೇಲೆ.

ಮೊದಲು ಅಳು ಬಂತು, ಸುಳ್ಳು ಹೇಳುವುದಿಲ್ಲ. ಶನಿವಾರಕ್ಕೆ ಒಂದು ದಿನ, ತಿಂಗಳ ಕೊನೆಗೆ ಮೂರು ವಾರ. ಆದರೆ ಅಳು ಅರ್ಧಕ್ಕೆ ಬಂದಾಗ, ಗಂಭೀರ ಮುಖ ಮಾಡಿಕೊಂಡು ಡಬ್ಬದ ಎದುರು ಹವಾಯಿ ಚಪ್ಪಲಿಯಲ್ಲಿ ಕೂತ ನನ್ನ ಚಿತ್ರ ಕಣ್ಣಿಗೆ ಬಂತು. ನಗು ಶುರುವಾಯಿತು. ನಿಲ್ಲಲಿಲ್ಲ. ಮೇಜು ಹಿಡಿದುಕೊಂಡು, ಮೈ ಅಲುಗಿಸಿ, ಕಣ್ಣೀರು ಸುರಿಸಿ ನಕ್ಕೆ. ಯಜಮಾನರು ಬಾಗಿಲಲ್ಲಿ ಇಣುಕಿ, ನನಗೆ ಶಾಕ್ ಹೊಡೆದಿದೆ ಎಂದುಕೊಂಡು, ತೆಂಗಿನಕಾಯಿ ತುರಿಯುವ ಮರದ ಮಣೆ ಎತ್ತಿಕೊಂಡು ಓಡಿಬಂದರು. ಅದರಲ್ಲಿ ತಳ್ಳಿ ನನ್ನನ್ನು ಬಿಡಿಸುವ ಅಂದಾಜು. ಅವರ ಕೈಯಲ್ಲಿ ಮಣೆ ನೋಡಿ ನಾನು ನೆಲಕ್ಕೇ ಕೂತೆ. ವಿಷಯ ಗೊತ್ತಾದ ಮೇಲೆ ನಾರಾವಿಯ ಅಮ್ಮನೂ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು.

ನಗು ಇಳಿದ ಮೇಲೆ ನಾನು ಕೇಳಿದೆ, ಈಗ ಪೆಟ್ಟಿಗೆ ಇಲ್ಲದೆ ನಿಮ್ಮದೇ ಸ್ವರದಲ್ಲಿ ಹೇಳಿ ಎಂದು. ಅವರು ತಲೆಯಾಡಿಸಿದರು.

“ಒಬ್ಬಳೇ ಹೇಳುವುದು ಹೇಗೆ ಟೀಚರ್? ಎತ್ತಿಕೊಳ್ಳುವವರು ಬೇಡವಾ? ಆವತ್ತು ಅದಾದರೂ ಇತ್ತು.”

ಇದು ನನಗೆ ಸೀದಾ ಎದೆಗೆ ತಾಗಿತು. ಗದ್ದೆಯಲ್ಲಿ ಒಬ್ಬರು ಹೇಳುವುದು, ಸಾಲಿನವರೆಲ್ಲ ಎತ್ತಿಕೊಳ್ಳುವುದು, ಇದು ನನಗೆ ಗೊತ್ತಿಲ್ಲದ ಸಂಗತಿ ಅಲ್ಲ. ಮೊದಲ ಅಧ್ಯಾಯದಲ್ಲಿ ನಾನೇ ಬರೆದಿದ್ದೇನೆ. ಬರೆದ ಮೇಲೆ ಹನ್ನೆರಡು ಹೆಂಗಸರನ್ನು ಒಬ್ಬೊಬ್ಬರನ್ನಾಗಿ ಕಂಬಳಿ ಕೋಣೆಯಲ್ಲಿ ಕೂರಿಸಿ, ಅಂಕಿ ಚೊಕ್ಕ ಬರಲಿ ಎಂದು, ಒಂಟಿಯಾಗಿ ಹಾಡಿಸಿದ್ದೇನೆ. ಎತ್ತಿಕೊಳ್ಳಲು ಯಾರೂ ಇಲ್ಲದ ಆ ಕೋಣೆಯಲ್ಲಿ ಅವರೆಲ್ಲ ಒಂದು ಕೆಟ್ಟ ಸ್ಪೀಕರನ್ನು ಜೊತೆಗಾರ್ತಿ ಮಾಡಿಕೊಂಡಿದ್ದರು. ನನಗೆ ಭಾರೀ ನಾಚಿಕೆಯಾಯಿತು.

ನಾನು ಎತ್ತಿಕೊಳ್ಳುತ್ತೇನೆ ಎಂದೆ. ಯಜಮಾನರು ಮಣೆ ಹಿಡಿದುಕೊಂಡೇ ನನ್ನನ್ನು ನೋಡಿದರು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ನಾನು ಆರತಿಯ ಹಾಡನ್ನೂ ಹೇಳಿದವಳಲ್ಲ, ನನ್ನ ಸ್ವರ ಅಂಥದ್ದು. ಕಂಬಳಿ ಬಿಚ್ಚಿದೆ, ಕಿಟಕಿ ತೆರೆದೆ, ಚಪ್ಪಲಿ ಹೊರಗೆ ಬಿಟ್ಟೆ. ಅಮ್ಮ ಶುರು ಮಾಡಿದರು, ಇನ್ನೂರು ಎಲ್ಲೋ ಕೆಳಗೆ ಉಳಿಯಿತು. ನಾನು ಹಿಂದಿನಿಂದ ಎತ್ತಿಕೊಂಡೆ. ಮೊದಲ ಸಲ ನನ್ನ ಸ್ವರ ಒಡೆದು ಎಲ್ಲಿಗೋ ಹೋಯಿತು. ಅವರು ನಿಲ್ಲಿಸಲಿಲ್ಲ, ನನ್ನ ಮೊಣಕಾಲಿನ ಮೇಲೆ ಕೈ ಇಟ್ಟು ಮುಂದೆ ಹೋದರು. ಎಂಟು ನಿಮಿಷ ದಾಟಿತು. ಹಲ್ಲಿ ಬಿಟ್ಟುಹೋದ ಡಬ್ಬ ತಣ್ಣಗೆ ಕೂತಿತ್ತು. ಹತ್ತು, ಇಪ್ಪತ್ತು, ಮೂವತ್ತೈದು ನಿಮಿಷ. ಆ ಹಾಡಿಗೆ ಒಂದು ಕೊನೆ ಉಂಟು ಎಂದು ನನಗೆ ಗೊತ್ತಾದದ್ದು ಆವತ್ತು. ಮುಗಿದಾಗ ನನ್ನ ಗಂಟಲು ಬಿದ್ದುಹೋಗಿತ್ತು, ನನಗೆ ಅಷ್ಟು ಖುಷಿ ಯಾವ ಪರೀಕ್ಷೆ ಪಾಸಾದಾಗಲೂ ಆಗಿರಲಿಲ್ಲ.

ಶನಿವಾರ ಗೈಡ್ ಸರ್ ಹನ್ನೊಂದು ಗಂಟೆಗೆ ಬಂದರು. ಕೂರುವ ಮೊದಲೇ ಹೇಳಿಬಿಟ್ಟೆ, ಸರ್, ಅರುವತ್ತು ಪುಟ ಹೋಯಿತು ಎಂದು. ಬಸಳೆಯಿಂದ ಶುರು ಮಾಡಿ ಒಟ್ಟು ಕಥೆ ಒಂದೇ ಉಸಿರಿಗೆ ಒಪ್ಪಿಸಿದೆ. ಅವರು ನಗಲೂ ಇಲ್ಲ, ಬೈಯಲೂ ಇಲ್ಲ. ತೋರಿಸಿ ಎಂದರು. ಮೊದಲು ಹಳೇ ಅರ್ಧ ಹಾಡಿನ ಹತ್ತು ಸೆಕೆಂಡು ತೋರಿಸಿದೆ, ಅಮ್ಮನ ಗೆರೆ ಸ್ಪೀಕರಿನ ಗೆರೆಗೆ ಇಳಿದು ಬಂದದ್ದು. ಅದನ್ನು ನಾಲ್ಕು ಸಲ ನೋಡಿದರು. ಹನ್ನೊಂದು ಮಂದಿಯದ್ದೂ ಹೀಗೆ ಇತ್ತಾ ಎಂದು ಕೇಳಿದರು. ಇದ್ದಿರಬೇಕು ಸರ್, ನಾನು ಕತ್ತರಿಸಿದೆ ಎಂದೆ. ಮೂರು ವಾರ ಉಂಟಲ್ಲ, ಎಲ್ಲರನ್ನೂ ಮತ್ತೆ ಕರೆಯಿರಿ, ಒಬ್ಬೊಬ್ಬರನ್ನಲ್ಲ, ಒಟ್ಟಿಗೆ, ಎಂದು ಹೇಳಿದರು. ಎತ್ತರ ಬರೆಯುವುದು ಬೇಡ, ಹೇಗೆ ಬಂದು ಸೇರುತ್ತಾರೆ ಎಂಬುದನ್ನು ಬರೆಯಿರಿ ಎಂದರು.

ಆಮೇಲೆ ನಿನ್ನೆಯ ಹಾಡು ಹಾಕಿದೆ. ಪರದೆಯಲ್ಲಿ ಎರಡು ಗೆರೆ. ಮೇಲಿನದ್ದು ನಾರಾವಿಯ ಅಮ್ಮನದ್ದು, ಕೈ ನಡುಗದೆ ಎಳೆದ ರಂಗೋಲಿಯ ಹಾಗೆ. ಕೆಳಗಿನದ್ದು ಅಂಕುಡೊಂಕಾಗಿ, ಎಡವಿ, ಮೇಲೆ ಹತ್ತಿ, ಜಾರಿ, ಮತ್ತೆ ಹತ್ತಿ, ಕೊನೆಗೆ ಅಮ್ಮನ ಗೆರೆಯ ಹತ್ತಿರ ಹೋಗಿ ಅದರ ಜೊತೆಗೇ ಉಳಿದಿತ್ತು. ಸರ್ ಕನ್ನಡಕ ಒರೆಸಿ ಪರದೆಯ ಹತ್ತಿರ ಬಗ್ಗಿದರು, ಒಂದು ಕೈ ಡಬ್ಬದ ಮೇಲೆ ಊರಿಕೊಂಡು. ನಾನು ಉಸಿರು ಬಿಗಿಹಿಡಿದೆ. ಏನೂ ಆಗಲಿಲ್ಲ.

“ಈ ಎರಡನೆಯವರು ಯಾವ ಊರಿನವರು?”

“ನಾನು ಸರ್,” ಎಂದೆ.

ಅವರು ತಿರುಗಿ ನನ್ನ ಮುಖ ನೋಡಿದರು. ಆಮೇಲೆ ಆ ಫಾರ್ಮ್ ಎಲ್ಲಿ ಎಂದು ಕೇಳಿ, ಜೇಬಿನಿಂದ ಪೆನ್ನು ತೆಗೆದರು.